ರಾಕೆಟ್ ಹಿಗ್ಗಿಸುವ ಮುನ್ನ ತಕ್ಕಡಿ ಹಿಡಿಯಿರಿ

ಮಾನ್ಯ ಸಂಪಾದಕರೇ,

ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನದ ಕಾಲ ಬಂತೆಂದರೆ ಪತ್ರಿಕೆಗಳ ತುಮಕೂರು ಪುಟದಲ್ಲಿ ಆಳೆತ್ತರದ ಒಂದು ರಾಕೆಟ್ಟಿನ ಚಿತ್ರ ಕಟ್ಟಿಟ್ಟ ಬುತ್ತಿ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಮೇಲಂತೂ ಈ ಭರಾಟೆ ಇನ್ನೂ ಜಾಸ್ತಿ. ಪಿವಿಸಿ ಪೈಪು, ಥರ್ಮಾಕೋಲ್ ಮೂತಿ, ಬೆಳ್ಳಿ ಬಣ್ಣ, ಪಕ್ಕದಲ್ಲಿ ತ್ರಿವರ್ಣ. ನೋಡಲು ಚೆಂದವೇ. ಆದರೆ ಅದು ನಿಂತಲ್ಲೇ ನಿಂತಿರುತ್ತದೆ. ಹಾರಿಸುವ ಆಸೆ ಹುಟ್ಟಿದ ಮಕ್ಕಳು ಸಣ್ಣ ಮಾದರಿಯೊಂದರ ನಕ್ಷೆ ಹಿಡಿದು, ಎಲ್ಲ ಅಳತೆಯನ್ನೂ ಎರಡರಿಂದ ಗುಣಿಸಿ ಕಟ್ಟುತ್ತಾರೆ. ಅದು ಮೇಲೇಳುವುದಿಲ್ಲ, ಎದ್ದರೂ ಪಲ್ಟಿ ಹೊಡೆಯುತ್ತದೆ. ಎಲ್ಲಿ ತಪ್ಪಿತು ಎಂದು ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ. ಮಾದರಿ ರಾಕೆಟ್ ದೊಡ್ಡದು ಮಾಡುವಾಗ ಯಾವುದನ್ನು ಎಷ್ಟು ಹಿಗ್ಗಿಸಬೇಕು, ಯಾವುದನ್ನು ಹಿಗ್ಗಿಸಲೇಬಾರದು ಎಂಬುದನ್ನು ಜಿಲ್ಲೆಯ ವಿಜ್ಞಾನ ಶಿಕ್ಷಕರ ಗಮನಕ್ಕೆ ತರಲು ಈ ಪತ್ರ. ಉದ್ದವಾಗಿದೆ, ಮನ್ನಿಸಿ. ಅರ್ಧ ಹೇಳಿದರೆ ಅಪಾಯವಿರುವ ವಿಷಯ ಇದು.

ರಾಗಿ ಮುದ್ದೆಯ ಅಡ್ಡಳತೆ ಎರಡರಷ್ಟಾದರೆ ಹಿಟ್ಟು ಎರಡರಷ್ಟಲ್ಲ, ಎಂಟರಷ್ಟು ಬೇಕು. ಮುದ್ದೆ ತೊಳಸುವ ಕೈಗೆ ಇದು ಗೊತ್ತು. ರಾಕೆಟ್ಟಿಗೂ ಅದೇ ಲೆಕ್ಕ: ಉದ್ದ ಎರಡರಷ್ಟಾದರೆ ಮೈಯ ವಿಸ್ತೀರ್ಣ ನಾಲ್ಕರಷ್ಟು, ತೂಕ ಎಂಟರಷ್ಟು. ಗೋಡೆಯ ದಪ್ಪವನ್ನು ಅದೇ ಪ್ರಮಾಣದಲ್ಲಿ ಏರಿಸದಿದ್ದರೆ ತೂಕ ಎಂಟರಷ್ಟಾಗದೆ ಐದಾರರಷ್ಟರಲ್ಲಿ ನಿಲ್ಲುತ್ತದೆ. ದೊಡ್ಡ ಮಾದರಿ ಕಟ್ಟುವವರ ಜಾಣತನವೆಲ್ಲ ಈ ಉಳಿತಾಯದಲ್ಲೇ ಇದೆ.

ಒಂದು ಉದಾಹರಣೆ ಹಿಡಿದೇ ಹೇಳುತ್ತೇವೆ. 1958ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಶುರುವಾದ ಎಸ್ಟಿಸ್ ಕಂಪನಿಯ ‘ಬಿಗ್ ಬರ್ತಾ’ 1960ರ ದಶಕದಿಂದ ಚಾಲ್ತಿಯಲ್ಲಿರುವ ಮಾದರಿ. ಹಿಗ್ಗಿಸಲು ಇದಕ್ಕಿಂತ ಒಳ್ಳೆಯ ಆಕಾರ ಸಿಗುವುದು ಕಷ್ಟ: ದಪ್ಪ ಮೈ, ದುಂಡು ಮೂತಿ, ನಾಲ್ಕು ಅಗಲವಾದ ರೆಕ್ಕೆ, ನಿಧಾನವಾದ ಏರಿಕೆ. ಉದ್ದ 61 ಸೆಂ.ಮೀ., ವ್ಯಾಸ 41.6 ಮಿ.ಮೀ., ಮೋಟಾರಿಲ್ಲದೆ ತೂಕ 60ರಿಂದ 70 ಗ್ರಾಂ. 18 ಮಿ.ಮೀ. ವ್ಯಾಸದ ಮೋಟಾರು, ಅಂದರೆ ಉರಿದು ರಾಕೆಟ್ಟನ್ನು ಮೇಲಕ್ಕೆ ನೂಕುವ ಮದ್ದಿನ ಉರುಳೆ, ಅದರ ಬಾಲದಲ್ಲಿ ಕೂರುತ್ತದೆ.

‘ಎರಡರಷ್ಟು’ ಎಂದು ಮೊದಲೇ ತೀರ್ಮಾನಿಸಿ ಕೂತರೆ 83.2 ಮಿ.ಮೀ.ನ ಕೊಳವೆ ಹುಡುಕಬೇಕು. ಅದು ತುಮಕೂರಿನಲ್ಲಿರಲಿ, ಬೆಂಗಳೂರಿನಲ್ಲೂ ಸಿಗಲಿಕ್ಕಿಲ್ಲ. ಎಷ್ಟು ಪಟ್ಟು ಎಂಬುದನ್ನು ನಮ್ಮ ಆಸೆ ತೀರ್ಮಾನಿಸುವುದಲ್ಲ, ಸಿಗುವ ಕೊಳವೆ ತೀರ್ಮಾನಿಸುತ್ತದೆ. ಮಂಡಿಪೇಟೆಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೂ ನೀರಿನ ಪಿವಿಸಿ ಪೈಪು 63, 75, 90, 110 ಮಿ.ಮೀ. ಹೊರವ್ಯಾಸದಲ್ಲಿ ಸಿಗುತ್ತದೆ. 75ರ ಪೈಪನ್ನು ಅಚ್ಚು ಮಾಡಿಕೊಂಡು ಅದರ ಮೇಲೆ 1 ಮಿ.ಮೀ. ದಪ್ಪಕ್ಕೆ ಕಾಗದ ಸುತ್ತಿದರೆ ಹೊರವ್ಯಾಸ 77. ಅದನ್ನು 41.6ರಿಂದ ಭಾಗಿಸಿದರೆ 1.85. ಇನ್ನು ಮುಂದೆ ಎಲ್ಲ ಅಳತೆಗೂ ಇದೇ ಗುಣಕ. ಒಟ್ಟು ಉದ್ದ 113 ಸೆಂ.ಮೀ., ಅದರಲ್ಲಿ ಕೊಳವೆ 85, ಮೂತಿ 28. ಇಸ್ರೊ ರೋಹಿಣಿ ಸರಣಿಯ ರಾಕೆಟ್ಟುಗಳ ಹೆಸರಲ್ಲೇ ವ್ಯಾಸ ಇದೆ: ಆರ್‌ಎಚ್-75, 125, 200, 300, 560. 1967ರ ನವೆಂಬರ್‌ನಲ್ಲಿ ಕೇರಳದ ತುಂಬಾದಿಂದ ಹಾರಿದ ಮೊದಲ ರೋಹಿಣಿಯ ವ್ಯಾಸವೂ 75 ಮಿ.ಮೀ. ಎಂದರೆ ಮಕ್ಕಳ ಕಣ್ಣು ಅರಳುತ್ತದೆ.

ಅಚ್ಚಿನ ಪೈಪನ್ನೇ ರಾಕೆಟ್ಟಿನ ಮೈ ಮಾಡಿಬಿಡುವುದು ನಾವು ಕಾಣುವ ಮೊದಲ ತಪ್ಪು. ಪಿವಿಸಿ ಭಾರ, ಒಡೆದರೆ ಚೂಪಾದ ಚೂರಾಗಿ ಸಿಡಿಯುತ್ತದೆ. ಎರಡನೆಯದು ಫ್ಲೆಕ್ಸ್ ಬ್ಯಾನರ್ ಸುತ್ತಿ ಬರುವ ರಟ್ಟಿನ ಕೊಳವೆ. ಅದು ಪುಕ್ಕಟೆ ಸಿಗುತ್ತದೆ, ಅಳತೆಯೂ ಹತ್ತಿರ ಹತ್ತಿರ ಹೊಂದುತ್ತದೆ. ಆದರೆ ಗೋಡೆ 4 ಮಿ.ಮೀ. ದಪ್ಪ ಇದ್ದರೆ ಒಂದು ಮೀಟರಿಗೆ 700 ಗ್ರಾಂ ತೂಗುತ್ತದೆ. ನಾವು ಕಟ್ಟಹೊರಟ ಇಡೀ ರಾಕೆಟ್ಟೇ ಅಷ್ಟು ತೂಗಬಾರದು.

ಹಾಗಾಗಿ ಕೊಳವೆಯನ್ನು ಸುತ್ತಿಯೇ ಮಾಡಬೇಕು. ಬೇಕಾದದ್ದು ಪ್ಯಾಕಿಂಗಿಗೆ ಬಳಸುವ ಕಂದು ಕ್ರಾಫ್ಟ್ ಕಾಗದ, 120 ಜಿಎಸ್‌ಎಂನದು (ಚದರ ಮೀಟರಿಗೆ 120 ಗ್ರಾಂ ತೂಗುವಂಥದು), 85 ಸೆಂ.ಮೀ. ಅಗಲ ಮತ್ತು 120 ಸೆಂ.ಮೀ. ಉದ್ದ. ಐದು ಸುತ್ತು ಬರುತ್ತದೆ. ಕತ್ತರಿಸುವ ಮೊದಲು ಕಾಗದವನ್ನು ಉದ್ದಕ್ಕೂ ಅಡ್ಡಕ್ಕೂ ಬಾಗಿಸಿ ನೋಡಿ. ಯಾವ ಕಡೆಗೆ ಸಲೀಸಾಗಿ ಬಾಗುತ್ತದೋ ಆ ಕಡೆ ಸುತ್ತಬೇಕು. ತಿರುವುಮುರುವಾದರೆ ಅಂಚು ಎದ್ದೇಳುತ್ತಲೇ ಇರುತ್ತದೆ, ಕೊಳವೆ ಬಾಗುವ ಬಲವನ್ನೂ ತಡೆಯದು. ಪೈಪಿನ ಮೇಲೆ ಮೊದಲು ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಟೇಪು ಹಾಕಿ. ಕಾಗದದ ಮೊದಲ ಸುತ್ತಿಗೆ ಅಂಟು ಬೇಡ. ಎರಡನೆಯ ಸುತ್ತಿನಿಂದ, ನಾಲ್ಕು ಪಾಲು ಫೆವಿಕಾಲಿಗೆ ಒಂದು ಪಾಲು ನೀರು ಬೆರೆಸಿ, ಅಗಲ ಬ್ರಷ್ಷಿನಲ್ಲಿ ತೆಳುವಾಗಿ ಬಳಿಯುತ್ತ ಬಿಗಿಯಾಗಿ ಉರುಳಿಸಿ. ಮೈದಾ ಗೋಂದು ಬೇಡ. ಅದು ಭಾರ, ಮಳೆಗಾಲದಲ್ಲಿ ಬೂಷ್ಟು, ಜಿರಳೆಗೆ ಹಬ್ಬ. ಸುತ್ತಿ ಮುಗಿದ ಇಪ್ಪತ್ತು ಮೂವತ್ತು ನಿಮಿಷಕ್ಕೆ ಕೊಳವೆಯನ್ನು ತಿರುಗಿಸುತ್ತ ಅಚ್ಚಿನಿಂದ ಎಳೆಯಬೇಕು. ‘ರಾತ್ರಿಯೆಲ್ಲ ಒಣಗಲಿ’ ಎಂದು ಬಿಟ್ಟರೆ ಕಾಗದ ಒಣಗುತ್ತ ಕುಗ್ಗಿ ಪೈಪನ್ನು ಕಚ್ಚಿಹಿಡಿಯುತ್ತದೆ. ಆಮೇಲೆ ಬ್ಲೇಡಿನಿಂದ ಸೀಳದೆ ಬಾರದು. ಎಳೆದ ಮೇಲೆ ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ ಒಂದು ದಿನ ಒಣಗಿಸಿ. ಬಿಸಿಲಿಗಿಟ್ಟರೆ ಬಿಸಿಲು ಬಿದ್ದ ಮಗ್ಗುಲಿಗೆ ಬಾಳೆಕಾಯಿಯಂತೆ ಬಾಗುತ್ತದೆ. ಸರಿಯಾಗಿ ಬಂದ ಕೊಳವೆ 150 ಗ್ರಾಂ ಆಸುಪಾಸು ತೂಗುತ್ತದೆ. ಬೆರಳಿನಲ್ಲಿ ತಟ್ಟಿದರೆ ಎಲ್ಲ ಕಡೆಯೂ ಟಣ್ ಎನ್ನಬೇಕು. ಎಲ್ಲಾದರೂ ಬೊದ್ದು ಸದ್ದು ಬಂದರೆ ಅಲ್ಲಿ ಪದರ ಅಂಟಿಲ್ಲ.

ಮೂತಿಗೆ ಥರ್ಮಾಕೋಲ್ ಸಾಕು. ಬಿಲ್ಲೆಗಳನ್ನು ಅಂಟಿಸಿ, ರಟ್ಟಿನ ಅಚ್ಚು ಹಿಡಿದು ಉಜ್ಜಿ ಆಕಾರಕ್ಕೆ ತಂದು, ಮೇಲೆ ತೆಳು ಕಾಗದದ ಪಟ್ಟಿಗಳನ್ನು ಫೆವಿಕಾಲಿನಲ್ಲಿ ಮೂರು ಪದರ ಹೊದಿಸಿದರೆ 60ರಿಂದ 70 ಗ್ರಾಂ ಆಗುತ್ತದೆ. ಸ್ಪ್ರೇ ಬಣ್ಣವನ್ನು ನೇರ ಥರ್ಮಾಕೋಲಿಗೆ ಹೊಡೆದರೆ ಕರಗಿ ಕುಳಿ ಬೀಳುತ್ತದೆ. ಕಾಗದದ ಪದರ ಪೂರ್ತಿ ಮುಚ್ಚಿದ ಮೇಲೆಯೇ ಬಣ್ಣ. ಮೂತಿಯ ಕೆಳಗಿನ ಕತ್ತು, ಅಂದರೆ ಕೊಳವೆಯೊಳಗೆ ಇಳಿಯುವ ಭಾಗ, ಕನಿಷ್ಠ ಒಂದು ವ್ಯಾಸದಷ್ಟು, 75 ಮಿ.ಮೀ. ಇರಲಿ. ಗಿಡ್ಡವಾದರೆ ಹಾರುವಾಗ ಮೂತಿ ವಾಲುತ್ತದೆ.

ರೆಕ್ಕೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಪುಟ್ಟ ಮಾದರಿಯಲ್ಲಿ ರೆಕ್ಕೆಯನ್ನು ಕೊಳವೆಯ ಹೊರಮೈಗೆ ಅಂಟಿಸಿದರೆ ಮುಗಿಯಿತು. ದೊಡ್ಡದರಲ್ಲಿ ಇದೇ ಮಾಡಿದರೆ ಮೊದಲ ಸಲ ನೆಲಕ್ಕೆ ತಾಗಿದಾಗಲೇ ರೆಕ್ಕೆ ಕಿತ್ತು ಬರುತ್ತದೆ. ಬೀಳುವ ತೂಕ ಆರರಷ್ಟಾಗಿದೆ, ಅಂಟಿನ ಗೆರೆಯ ಉದ್ದ ಎರಡರಷ್ಟೂ ಆಗಿಲ್ಲ. ಅದೂ ಅಲ್ಲದೆ ಅಂಟು ಬಿಡುವುದಿಲ್ಲ, ಅಂಟಿನ ಜೊತೆ ಕೊಳವೆಯ ಮೇಲಿನ ಕಾಗದದ ಪದರವೇ ಸುಲಿದು ಬರುತ್ತದೆ. ಎಷ್ಟು ಒಳ್ಳೆಯ ಅಂಟು ಹಾಕಿದರೂ ಇದು ತಪ್ಪದು. ಆದ್ದರಿಂದ ಕೊಳವೆಯಲ್ಲಿ ಸೀಳು ಕೊರೆದು ರೆಕ್ಕೆಯ ಬುಡವನ್ನು ಒಳಗಿನ ಮೋಟಾರು ಕೊಳವೆಯವರೆಗೆ ಇಳಿಸಬೇಕು. ಮೋಟಾರು ಕೊಳವೆಯ ಹೊರವ್ಯಾಸ 31, ಮೈಕೊಳವೆಯ ಒಳವ್ಯಾಸ 75 ಇದ್ದರೆ ನಡುವಿನ ಸಂದು 22 ಮಿ.ಮೀ., ಗೋಡೆ 1. ರೆಕ್ಕೆಗೆ 23 ಮಿ.ಮೀ. ‘ಬೇರು’ ಬಿಟ್ಟು ಕತ್ತರಿಸಿ. ಬೇರಿನ ಮುಂದೆ ಹಿಂದೆ 3 ಮಿ.ಮೀ. ಪ್ಲೈವುಡ್ಡಿನ ಉಂಗುರ ಒಂದೊಂದು ಬರಲಿ. ಆಗ ಪೆಟ್ಟು ಕಾಗದದ ಮೇಲೆ ಬೀಳದೆ ಇಡೀ ಚೌಕಟ್ಟಿನ ಮೇಲೆ ಹಂಚಿಹೋಗುತ್ತದೆ.

ರೆಕ್ಕೆಗೆ ಬಾಲ್ಸಾ ಮರ ಎಲ್ಲಕ್ಕಿಂತ ಹಗುರ, ಆದರೆ ದುಬಾರಿ. 3 ಮಿ.ಮೀ. ಪ್ಲೈವುಡ್ ಸಾಕು. ನಾಲ್ಕು ರೆಕ್ಕೆಗೆ ಸೇರಿ 75 ಗ್ರಾಂ ಆಗುತ್ತದೆ. ಫ್ಲೆಕ್ಸ್ ಅಂಗಡಿಯ ಸನ್‌ಬೋರ್ಡ್ ಎಂಬ ಪ್ಲಾಸ್ಟಿಕ್ ಹಲಗೆಯ ತೂಕ ಹೆಚ್ಚುಕಡಿಮೆ ಅಷ್ಟೇ, ಬಿಗುವು ಮಾತ್ರ ಕಡಿಮೆ. ಹಾಗಾಗಿ ಅದರಿಂದ ಲಾಭವಿಲ್ಲ. ಮೇಲ್ಪದರದ ಮರದ ಎಳೆ ರೆಕ್ಕೆಯ ಮುಂದಂಚಿಗೆ ಸಮಾನಾಂತರವಾಗಿರಲಿ. ನಾಲ್ಕನ್ನೂ ಒಟ್ಟಿಗೆ ಜೋಡಿಸಿ ಒಂದೇ ಸಲ ಉಜ್ಜಿದರೆ ಎಲ್ಲವೂ ಒಂದೇ ಅಳತೆಗೆ ಬರುತ್ತವೆ. ಕೊಳವೆಯ ಸುತ್ತ ಕಾಗದದ ಪಟ್ಟಿ ಸುತ್ತಿ, ಸುತ್ತಳತೆ 242 ಮಿ.ಮೀ. ಗುರುತು ಮಾಡಿ ಪಟ್ಟಿಯನ್ನು ನಾಲ್ಕಾಗಿ ಮಡಚಿ. 60.5 ಮಿ.ಮೀ.ಗೊಂದು ಗುರುತು ಸಿಗುತ್ತದೆ. ಉದ್ದ ಗೆರೆ ಎಳೆಯಲು ಬಾಗಿಲ ಚೌಕಟ್ಟಿನ ಮೂಲೆಗೆ ಅಥವಾ ಅಲ್ಯೂಮಿನಿಯಂ ಎಲ್-ಆಂಗಲ್‌ಗೆ ಕೊಳವೆಯನ್ನು ಒರಗಿಸಿ. ಕಣ್ಣಂದಾಜಿನಲ್ಲಿ ಎಳೆದರೆ ರೆಕ್ಕೆ ಸೊಟ್ಟಗಾಗಿ ರಾಕೆಟ್ ಬುಗುರಿಯಂತೆ ಸುತ್ತುತ್ತ ಏರುತ್ತದೆ, ಎತ್ತರ ಕಳೆದುಕೊಳ್ಳುತ್ತದೆ.

ಈಗ ತಕ್ಕಡಿ. ಕೊಳವೆ 150, ಮೂತಿ 70, ರೆಕ್ಕೆ 75, ಮೋಟಾರು ಕೊಳವೆ ಮತ್ತು ಉಂಗುರ 60, ಪ್ಯಾರಾಚೂಟ್ ಮತ್ತು ದಾರ 45, ಬಣ್ಣ 30: ಒಟ್ಟು 430 ಗ್ರಾಂ. 100 ಗ್ರಾಂ ಮೋಟಾರು ಸೇರಿದರೆ 530. ಮೂಲ ಮಾದರಿ ಮೋಟಾರು ಸೇರಿ ಸುಮಾರು 90 ಗ್ರಾಂ ಇತ್ತು. ಉದ್ದ 1.85 ಪಟ್ಟು ಏರಿದ್ದಕ್ಕೆ ತೂಕ 5.9 ಪಟ್ಟು ಏರಿದೆ. ಬಣ್ಣವನ್ನು ಕಡೆಗಣಿಸಬೇಡಿ. ಲಪ್ಪ (ಪುಟ್ಟಿ) ಮೆತ್ತಿ ಮೂರು ಕೋಟು ಎನಾಮಲ್ ಹೊಡೆದರೆ 30 ಇದ್ದದ್ದು 100 ಗ್ರಾಂ ಆಗುವುದು ಗೊತ್ತೇ ಆಗುವುದಿಲ್ಲ.

ನೂಕುಬಲ ತೂಕದ ಐದರಷ್ಟಾದರೂ ಇರಬೇಕು ಎಂಬುದು ಈ ಹವ್ಯಾಸದ ಹಳೆಯ ನಿಯಮ. 530 ಗ್ರಾಂ ಎಂದರೆ 5.2 ನ್ಯೂಟನ್, ಐದರಷ್ಟು ಎಂದರೆ 26 ನ್ಯೂಟನ್. ಮೋಟಾರುಗಳ ಅಕ್ಷರ ಒಂದೊಂದು ಮುಂದೆ ಹೋದಂತೆ ಒಟ್ಟು ನೂಕಿನ (ನೂಕುಬಲವನ್ನು ಉರಿಯುವ ಸೆಕೆಂಡುಗಳಿಂದ ಗುಣಿಸಿದ್ದು) ಮಿತಿ ದುಪ್ಪಟ್ಟು: ಎ 2.5 ನ್ಯೂಟನ್-ಸೆಕೆಂಡ್, ಬಿ 5, ಸಿ 10, ಡಿ 20, ಇ 40, ಎಫ್ 80. ಅಕ್ಷರದ ನಂತರದ ಅಂಕಿ (ಸಿ6-5 ಎಂದಿದ್ದರೆ 6) ಸರಾಸರಿ ನೂಕುಬಲ, ಕೊನೆಯದು (5) ಉರಿ ಮುಗಿದ ಎಷ್ಟು ಸೆಕೆಂಡಿಗೆ ಪ್ಯಾರಾಚೂಟ್ ಹೊರಬೀಳಬೇಕು ಎಂಬುದು. ಮೂಲ ಬಿಗ್ ಬರ್ತಾಗೆ ಸಿ6 ಧಾರಾಳ. ನಮ್ಮ ದೊಡ್ಡದಕ್ಕೆ ಡಿ12 ಹಾಕಿದರೆ ಮೋಟಾರಿನ ತೂಕ ಕಡಿಮೆಯಾದರೂ ನೂಕುಬಲ ತೂಕದ ಎರಡೂವರೆ ಪಟ್ಟಷ್ಟೇ. ಹೊರಡುವಾಗ ರಾಕೆಟ್ಟನ್ನು ನೆಟ್ಟಗೆ ಹಿಡಿದಿಡುವ ಕಂಬಿಯ ತುದಿ ಬಿಡುವಾಗ ವೇಗವಿಲ್ಲದೆ, ರೆಕ್ಕೆಗೆ ಗಾಳಿ ಸಿಗದೆ, ರಾಕೆಟ್ ಅಡ್ಡ ಮಲಗಿ ಜನರ ಕಡೆ ತಿರುಗುತ್ತದೆ. ಎಫ್ ವರ್ಗವೇ ಬೇಕು. ಅದೂ ಸಾಲದು. 26 ನ್ಯೂಟನ್ ಸಿಕ್ಕರೂ ಒಂದು ಮೀಟರ್ ಕಂಬಿಯ ತುದಿಯಲ್ಲಿ ವೇಗ ಸೆಕೆಂಡಿಗೆ 9 ಮೀಟರ್ ಮುಟ್ಟುವುದಿಲ್ಲ. 13 ಮೀಟರಾದರೂ ಬೇಕು. ಆದ್ದರಿಂದ ಕಂಬಿಯನ್ನು 2 ಮೀಟರಿಗಿಂತ ಉದ್ದ ಮಾಡಬೇಕು. 3 ಮಿ.ಮೀ. ತಂತಿ ಅಷ್ಟು ಉದ್ದಕ್ಕೆ ಬಳುಕುತ್ತದೆ. ಕಿಟಕಿಗೆ ಬಳಸುವ ಅಲ್ಯೂಮಿನಿಯಂ ಸೆಕ್ಷನ್ನಿನಲ್ಲಿ ಹಳಿ ಮಾಡಿಕೊಳ್ಳುವುದು ಲೇಸು.

ಇಲ್ಲಿಗೆ ಬಂದಾಗಲೇ ಕೆಲವರ ಕಣ್ಣು ದೀಪಾವಳಿಯ ಉಳಿದ ಪಟಾಕಿಯತ್ತ ಹೋಗುವುದು. ದಯವಿಟ್ಟು ಬೇಡ. ಪೈಪಿಗೆ ತುಂಬಿದ ಮದ್ದಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬೆಂಕಿ ಅದರೊಳಗೆ ನುಗ್ಗಿ, ಉರಿಯುವ ಮೈ ಒಮ್ಮೆಲೇ ಹಿಗ್ಗಿ, ಒತ್ತಡ ಮಿತಿ ಮೀರಿ ಪೈಪು ಸಿಡಿಯುತ್ತದೆ. ಆಗ ಅದು ರಾಕೆಟ್ ಅಲ್ಲ, ಬಾಂಬು. ಪಿವಿಸಿ ಚೂರು ಮೈಗೆ ಹೊಗಬಹುದು. ಕಾನೂನಿನ ಪ್ರಕಾರ ಪರವಾನಗಿಯಿಲ್ಲದೆ ಇಂಥ ಮದ್ದು ತಯಾರಿಸುವುದು 1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳಡಿ ಅಪರಾಧ. ಪರವಾನಗಿ ಕೊಡುವ ಕೇಂದ್ರ ಸಂಸ್ಥೆ ಪೆಸೊ, ಮುಖ್ಯ ಕಚೇರಿ ನಾಗಪುರದಲ್ಲಿದೆ. ರಾಕೆಟ್ ಮೋಟಾರು ಅಂಚೆಯಲ್ಲೋ ಬಸ್ಸಿನ ಲಗೇಜಿನಲ್ಲೋ ತರಿಸುವ ವಸ್ತುವೂ ಅಲ್ಲ. ಅಂದ ಹಾಗೆ, ಈ ಹವ್ಯಾಸ ಬೆಳೆದದ್ದೇ ಮದ್ದು ತುಂಬುವ ಚಾಳಿ ತಪ್ಪಿಸಲು. ಅಮೆರಿಕದ ನೆಬ್ರಾಸ್ಕಾದಲ್ಲಿ ಬೂಟಿನ ಅಂಗಡಿ ನಡೆಸುತ್ತಿದ್ದ ಆರ್ವಿಲ್ ಕಾರ್ಲೈಲ್ 1954ರಲ್ಲಿ ರೂಪಿಸಿದ ಪುಟ್ಟ ಮಾದರಿಯನ್ನು ಹ್ಯಾರಿ ಸ್ಟೈನ್ ಎಂಬ ಎಂಜಿನಿಯರ್ ಮುಂದೆ ತಂದು, ಸುರಕ್ಷತಾ ನಿಯಮ ಬರೆದರು. ಮೋಟಾರು ಕಾರ್ಖಾನೆಯಲ್ಲಿ, ಉಳಿದದ್ದು ಮಕ್ಕಳ ಕೈಯಲ್ಲಿ, ಇದು ಅಂದಿನಿಂದಲೂ ಇರುವ ಗೆರೆ.

ಪರವಾನಗಿ, ಮೈದಾನ, ಮೇಲ್ವಿಚಾರಣೆ ಮೂರೂ ಇರುವ ಎಂಜಿನಿಯರಿಂಗ್ ಕಾಲೇಜುಗಳಿಗೆ ಮೇಲಿನ ದಾರಿ. ಅವರಿಗೆ ಇನ್ನೊಂದು ಮಾತು. ದೊಡ್ಡ ರಾಕೆಟ್ಟಿನಲ್ಲಿ ಪ್ಯಾರಾಚೂಟ್ ಹೊರಬಾರದಿರುವುದಕ್ಕೆ ಸಾಮಾನ್ಯವಾಗಿ ಯಾರೂ ಹುಡುಕದ ಒಂದು ಕಾರಣವಿದೆ. ಮೂಲ ಮಾದರಿಯ ಕೊಳವೆಯೊಳಗೆ ಸುಮಾರು 590 ಘನ ಸೆಂ.ಮೀ. ಜಾಗ, ನಮ್ಮದರಲ್ಲಿ 3,700. ಮೋಟಾರಿನ ತುದಿಯ ಚಿಟಿಕೆ ಮದ್ದಿನ ಹೊಗೆ ಅಷ್ಟೂ ಜಾಗ ತುಂಬುವಷ್ಟರಲ್ಲಿ ಒತ್ತಡ ಸೋತು, ಮೂತಿ ಕದಲದೆ, ರಾಕೆಟ್ ಈಟಿಯಂತೆ ನೆಲಕ್ಕೆ ನಾಟುತ್ತದೆ. ಮೋಟಾರು ಕೊಳವೆಯನ್ನೇ ಮೇಲಕ್ಕೆ ಮುಂದುವರಿಸಿ, ಮೂತಿಯಿಂದ 30 ಸೆಂ.ಮೀ. ಕೆಳಗೆ ಇನ್ನೊಂದು ಉಂಗುರ ಹಾಕಿ ಸುತ್ತಲೂ ಮುಚ್ಚಿಬಿಟ್ಟರೆ ತುಂಬಬೇಕಾದ ಜಾಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಕೊಳವೆ ಬಾಗದಂತೆ ಬಲವೂ ಬರುತ್ತದೆ. ಪ್ಯಾರಾಚೂಟ್ ಕೆಳಗೆ ಜಾರಿ ಕೂರುವುದೂ ತಪ್ಪುತ್ತದೆ.

ಶಾಲೆಗಳಿಗೆ ನಾವು ಹೇಳುವುದು ನೀರಿನ ರಾಕೆಟ್. ಹೊರಗೆ ಬಿಗ್ ಬರ್ತಾ, ಒಳಗೆ 2.25 ಲೀಟರಿನ ತಂಪು ಪಾನೀಯದ ಬಾಟಲಿ. ಬಾಟಲಿಯ ವ್ಯಾಸ 110 ಮಿ.ಮೀ.ಗೆ ಹತ್ತಿರ, 110ರ ಪೈಪು ಅಚ್ಚಾಗಿ ಇದ್ದೇ ಇದೆ. ಕಾಗದ ಸುತ್ತಿದ ಮೇಲೆ ಹೊರವ್ಯಾಸ ಸುಮಾರು 111, ಗುಣಕ 2.67, ಉದ್ದ 163 ಸೆಂ.ಮೀ. ಇಷ್ಟು ದೊಡ್ಡದಕ್ಕೆ ಕಾಗದ ಮೂರೇ ಸುತ್ತು. ಒಟ್ಟು 450 ಗ್ರಾಂ ಮೀರದಂತೆ ನೋಡಿಕೊಳ್ಳಿ. ಬಾಟಲಿಯ ಮೂರನೇ ಒಂದು ಭಾಗ, 750 ಮಿ.ಲೀ. ನೀರು ತುಂಬಿ, ಬಾಯಿ ಕೆಳಗೆ ಮಾಡಿ, ಗೇಜ್ ಇರುವ ಸೈಕಲ್ ಪಂಪಿನಿಂದ 70 ಪಿಎಸ್‌ಐ (ಗೇಜ್ ತೋರಿಸುವ ಒತ್ತಡದ ಅಳತೆ) ವರೆಗೆ ಗಾಳಿ ಒತ್ತಿದರೆ ಸುಮಾರು 30 ಮೀಟರ್ ಏರುತ್ತದೆ. ಎತ್ತರದ ತೆಂಗಿನ ಮರಕ್ಕಿಂತ ಸ್ವಲ್ಪ ಮೇಲೆ, ಶಾಲಾ ಮೈದಾನಕ್ಕೆ ಸರಿಹೋಗುವಷ್ಟು.

ಇದು ಆಟಿಕೆ ಎಂದು ಹಗುರವಾಗಿ ಕಾಣಬೇಡಿ. ಬಾಟಲಿಯ ಬಾಯಿಯಿಂದ ಹೊರಡುವ ಮೊದಲ ನೂಕು 350 ನ್ಯೂಟನ್ ದಾಟುತ್ತದೆ, ಆದರೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿದೂ ಹೋಗುತ್ತದೆ. ಆ ಕ್ಷಣ 100 ಗ್ರಾಂ ಮೂತಿ 3 ಕಿಲೋ ಇದ್ದಂತೆ ಕೆಳಕ್ಕೆ ಒತ್ತುತ್ತದೆ. ನೀರಿನ ರಾಕೆಟ್ಟುಗಳು ಮೇಲೇರುವ ಬದಲು ಹಾರುವ ಜಾಗದಲ್ಲೇ ಅಕಾರ್ಡಿಯನ್ನಿನಂತೆ ಮಡಚಿಕೊಳ್ಳುವುದು ಇದರಿಂದಲೇ. ಬಾಟಲಿಯ ಮೇಲ್ತುದಿಗೆ ಸರಿಯಾಗಿ ಕೂರುವ ಥರ್ಮಾಕೋಲ್ ಬಟ್ಟಲೊಂದನ್ನು ಕೊಳವೆಯೊಳಗೆ ಗಟ್ಟಿಯಾಗಿ ಅಂಟಿಸಿ, ಬಾಟಲಿ ಅದನ್ನು ತಳ್ಳುವಂತೆ ಮಾಡಿ. ಬಾಟಲಿಗೆ ಬಿಸಿ ಗ್ಲೂ ಗನ್ ತಾಗಿಸಲೇಬೇಡಿ. ಶಾಖಕ್ಕೆ ಪ್ಲಾಸ್ಟಿಕ್ ಮೆತ್ತಗಾದ ಜಾಗದಲ್ಲೇ ಅದು ಒಡೆಯುವುದು. ಡಬಲ್ ಸೈಡ್ ಟೇಪ್ ಸಾಕು. ಸೋಡಾ, ಕೋಲಾದಂಥ ಗ್ಯಾಸ್ ಪಾನೀಯದ ಬಾಟಲಿಯೇ ಆಗಬೇಕು. ಕುಡಿಯುವ ನೀರಿನ ಬಾಟಲಿ ಈ ಒತ್ತಡಕ್ಕೆ ಮಾಡಿದ್ದಲ್ಲ. ಬಳಸುವ ಮೊದಲು ಬಾಟಲಿಗೆ ಕಂಠಪೂರ್ತಿ ನೀರು ತುಂಬಿ 100 ಪಿಎಸ್‌ಐವರೆಗೆ ಒತ್ತಿ ನೋಡಿ. ಗಾಳಿಯಿಲ್ಲದೆ ನೀರೇ ತುಂಬಿದ್ದರೆ ಒಡೆದರೂ ಚಿಮ್ಮುವುದು ನೀರಷ್ಟೇ. ಒಂದು ಸಲ ಬಿದ್ದು ಬಿಳಿ ಗೆರೆ ಮೂಡಿದ ಬಾಟಲಿ ಮತ್ತೆ ಬೇಡ. ಪಂಪಿನ ಕೊಳವೆ 10 ಮೀಟರ್ ಉದ್ದವಿರಲಿ. ಗಾಳಿ ತುಂಬಿದ ಮೇಲೆ ರಾಕೆಟ್ಟಿನ ಹತ್ತಿರ ಯಾರೂ ಹೋಗಕೂಡದು, ‘ಸಿಕ್ಕಿಕೊಂಡಿದೆ, ಬಿಡಿಸಿ ಬರುತ್ತೇನೆ’ ಎನ್ನುವವರಂತೂ ಕೂಡದು.

ನೀರಿನದಿರಲಿ, ಮೋಟಾರಿನದಿರಲಿ, ಹಾರಿಸುವ ಮೊದಲು ಸಮತೋಲ ನೋಡಲೇಬೇಕು. ರಾಕೆಟ್ಟಿನ ಪಕ್ಕನೋಟವನ್ನು ರಟ್ಟಿನ ಮೇಲೆ ಬರೆದು ಕತ್ತರಿಸಿ, ಸ್ಕೇಲಿನ ಅಂಚಿನ ಮೇಲೆ ತೂಗಿಸಿ. ಅದು ನಿಲ್ಲುವ ಬಿಂದುವನ್ನು ಗಾಳಿ ಒತ್ತುವ ಕೇಂದ್ರ (ಒತ್ತಡ ಕೇಂದ್ರ) ಎಂದು ಹಿಡಿಯಿರಿ. ನಿಜವಾದ ಕೇಂದ್ರ ಇನ್ನೂ ಹಿಂದಿರುತ್ತದೆ, ಹಾಗಾಗಿ ಈ ಅಂದಾಜು ಸುರಕ್ಷಿತ ಬದಿಯದು. ಕರಾರುವಾಕ್ಕಾಗಿ ಬೇಕೆಂದರೆ ಓಪನ್‌ರಾಕೆಟ್ ಎಂಬ ಉಚಿತ ತಂತ್ರಾಂಶವಿದೆ. ಇನ್ನು ಪೂರ್ತಿ ಸಜ್ಜಾದ ರಾಕೆಟ್ಟನ್ನು ದಾರದಲ್ಲಿ ತೂಗಿಸಿ ಗುರುತ್ವ ಕೇಂದ್ರ ಗುರುತಿಸಿ. ಮೋಟಾರಿನದಕ್ಕೆ ಮೋಟಾರು ಒಳಗಿಟ್ಟು, ನೀರಿನದಕ್ಕೆ ನೀರಿಲ್ಲದೆ, ಏಕೆಂದರೆ ನೀರು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಖಾಲಿ. ಗುರುತ್ವ ಕೇಂದ್ರ ಒತ್ತಡ ಕೇಂದ್ರಕ್ಕಿಂತ ಕನಿಷ್ಠ ಒಂದು ವ್ಯಾಸದಷ್ಟು ಮೂತಿಯ ಕಡೆಗಿರಬೇಕು. ಆಕಾರ ಹಿಗ್ಗಿಸಿದರೆ ಒತ್ತಡ ಕೇಂದ್ರ ಅದೇ ಪ್ರಮಾಣದಲ್ಲಿ ಹಿಗ್ಗಿ ತನ್ನ ಜಾಗದಲ್ಲೇ ಇರುತ್ತದೆ, ಗುರುತ್ವ ಕೇಂದ್ರ ಮಾತ್ರ ಮಾತು ಕೇಳುವುದಿಲ್ಲ. ಪ್ಲೈವುಡ್ ರೆಕ್ಕೆ, ಉಂಗುರ, ದಪ್ಪ ಮೋಟಾರು ಎಲ್ಲ ಸೇರಿ ಅದನ್ನು ಬಾಲಕ್ಕೆ ಎಳೆಯುತ್ತವೆ. ಮೂಲ ಮಾದರಿ ನೆಟ್ಟಗೆ ಹಾರುತ್ತಿತ್ತು, ಇದೂ ಹಾರುತ್ತದೆ ಎಂಬ ಭರವಸೆ ಕೆಡುವುದು ಇಲ್ಲೇ.

ಸರಿಪಡಿಸುವ ಲೆಕ್ಕ ಸುಲಭ. 530 ಗ್ರಾಂ ರಾಕೆಟ್ಟಿನ ಗುರುತ್ವ ಕೇಂದ್ರ ಮೂತಿಯ ತುದಿಯಿಂದ 72 ಸೆಂ.ಮೀ.ಯಲ್ಲಿದ್ದು, 68ಕ್ಕೆ ಬರಬೇಕು ಎನ್ನಿ. ತುದಿಯಿಂದ 5 ಸೆಂ.ಮೀ. ಒಳಗೆ ಭಾರ ಇಡುವುದಾದರೆ 530ನ್ನು 4ರಿಂದ ಗುಣಿಸಿ, 63ರಿಂದ ಭಾಗಿಸಿ: ಸುಮಾರು 34 ಗ್ರಾಂ. ಕಬ್ಬಿಣದ ನಟ್ಟುಗಳನ್ನು ಅರಾಲ್ಡೈಟಿನಲ್ಲಿ ಕೂರಿಸಿದರೆ ಆಯಿತು, ಅಲುಗಾಡಬಾರದು ಅಷ್ಟೇ. ರೆಕ್ಕೆಯಲ್ಲಿ 10 ಗ್ರಾಂ ಹೆಚ್ಚಾದರೆ ಮೂತಿಗೆ ಮತ್ತೆ 5–6 ಗ್ರಾಂ ಸೇರಿಸಬೇಕಾಗುತ್ತದೆ. ಹಿಂದುಗಡೆ ಉಳಿಸಿದ ಗ್ರಾಂ ಎರಡು ಕಡೆ ಉಳಿದಂತೆ. ಕಡೆಯದಾಗಿ ಗುರುತ್ವ ಕೇಂದ್ರಕ್ಕೆ ಮೂರು ಮೀಟರ್ ದಾರ ಕಟ್ಟಿ ತಲೆಯ ಮೇಲೆ ಕವಣೆಯಂತೆ ಬೀಸಿ. ಮೂತಿ ಮುಂದಾಗಿ ಸುತ್ತಿದರೆ ಸರಿ. ಅಡ್ಡಡ್ಡ ಅಥವಾ ಬಾಲ ಮುಂದಾಗಿ ಸುತ್ತಿದರೆ ಆ ದಿನ ಹಾರಾಟವಿಲ್ಲ.

ಪ್ಯಾರಾಚೂಟಿಗೆ ಹಳೆಯ ಕೊಡೆಯ ಬಟ್ಟೆಗಿಂತ ಒಳ್ಳೆಯದು ಬೇಡ. ಎಂಟು ಕಡ್ಡಿಯ ಕೊಡೆಯ ಎಂಟು ತುದಿಗೆ ಎಂಟು ದಾರ, ಪ್ರತಿ ದಾರವೂ ಕೊಡೆಯ ಅಗಲಕ್ಕಿಂತ ತುಸು ಉದ್ದ. 80ರಿಂದ 85 ಸೆಂ.ಮೀ. ಅಗಲ ಇದ್ದರೆ ಅರ್ಧ ಕಿಲೋ ರಾಕೆಟ್ ಸೆಕೆಂಡಿಗೆ ನಾಲ್ಕೂವರೆ ಮೀಟರ್ ವೇಗದಲ್ಲಿ ಇಳಿಯುತ್ತದೆ. ತುಂಬ ದೊಡ್ಡದಾದರೆ ಗಾಳಿ ಹೊತ್ತೊಯ್ಯುತ್ತದೆ. ಕೊಡೆಬಟ್ಟೆ ನೈಲಾನ್, ಮೋಟಾರಿನ ಬಿಸಿಹೊಗೆಗೆ ಕರಗಿ ಮುದ್ದೆಯಾಗುತ್ತದೆ. ಅದರ ಕೆಳಗೆ ಬೋರಿಕ್ ಪುಡಿಯ ನೀರಿನಲ್ಲಿ ಅದ್ದಿ ಒಣಗಿಸಿದ ಟಿಶ್ಯೂ ಕಾಗದ ತುರುಕಬೇಕು. ನೀರಿನ ರಾಕೆಟ್ಟಿನಲ್ಲಿ ಈ ತೊಂದರೆಯಿಲ್ಲ, ಮೂತಿಯನ್ನು ಸಡಿಲವಾಗಿ ಕೂರಿಸಿದರೆ ತುದಿ ತಲುಪಿ ತಿರುಗುವಾಗ ತಾನೇ ಕಳಚುತ್ತದೆ. ಎರಡು ಮೂರು ಹಾರಾಟವಾದ ಮೇಲೆ ಕಾಗದ ನೀರು ಕುಡಿದು ಉಬ್ಬಿ ಮೂತಿ ಬಿಗಿಯಾಗುತ್ತದೆ. ಪ್ರತಿ ಸಲವೂ ಕೈಯಲ್ಲಿ ಎತ್ತಿ ನೋಡಿ. ಕೊಳವೆಯ ಒಳಹೊರಗೆ ಒಂದು ಕೋಟು ವಾರ್ನಿಷ್ ಇದ್ದರೆ ತಡವಾಗಿ ಉಬ್ಬುತ್ತದೆ.

ಜಾಗದ ಮಾತು. ಅಮೆರಿಕದ ಹವ್ಯಾಸಿಗಳ ಸುರಕ್ಷತಾ ಸಂಹಿತೆ ಸಿ ಮೋಟಾರಿಗೆ 122 ಮೀಟರ್, ಇ, ಎಫ್ ಮೋಟಾರಿಗೆ 305 ಮೀಟರ್ ಅಗಲದ ಬಯಲು ಕೇಳುತ್ತದೆ. ಗಾಳಿ ಗಂಟೆಗೆ 32 ಕಿ.ಮೀ. ದಾಟಿದರೆ ಹಾರಾಟ ಬೇಡ ಎನ್ನುತ್ತದೆ. 400 ಮೀಟರ್ ಓಟದ ಟ್ರ್ಯಾಕ್ ಇರುವ ಯಾವ ಕ್ರೀಡಾಂಗಣದ ಉದ್ದವೂ ಎಫ್ ಮೋಟಾರಿಗೆ ಸಾಲದು, ಊರ ನಡುವಿನ ಮಹಾತ್ಮ ಗಾಂಧಿ ಕ್ರೀಡಾಂಗಣವಂತೂ ಆಗದ ಮಾತು. 200 ಮೀಟರ್ ಮೇಲೆ ಕೊಡೆ ಬಿಚ್ಚಿದರೆ ಸಾಧಾರಣ ಗಾಳಿಯಲ್ಲೇ 180 ಮೀಟರ್ ತೇಲಿಹೋಗುತ್ತದೆ. ಒಣಗಿದ ಕೆರೆಯಂಗಳ ಒಳ್ಳೆಯದು, ಆದರೆ ಒಣಹುಲ್ಲು ಕೆರೆದು ತೆಗೆದಿರಬೇಕು. ಸುಗ್ಗಿಯಾದ ಮೇಲೆ ಜನವರಿ, ಫೆಬ್ರವರಿಯಲ್ಲಿ ಹೊಲಗಳ ಪಕ್ಕ ರಾಗಿ ಹುಲ್ಲಿನ ಬಣವೆಗಳಿರುತ್ತವೆ, ಗಾಳಿಯ ದಿಕ್ಕಿನಲ್ಲಿ ಅವು ಕಂಡರೆ ಮೋಟಾರು ಹಚ್ಚಬೇಡಿ. ಆಷಾಢದ ಗಾಳಿಯಲ್ಲಿ ನೀರಿನದೂ ಬೇಡ. ತಿಪಟೂರು, ಗುಬ್ಬಿಯ ಕಡೆ ತೆಂಗಿನ ಗರಿಗೆ ಸಿಕ್ಕಿದ ಕೊಡೆ ಇಳಿಸಲು ಮರ ಹತ್ತುವವರು ಬೇಕು. ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇರುವುದರಿಂದ ಆ ಸುತ್ತಿನ ಆಕಾಶ ನಮಗಲ್ಲ. ಪಾವಗಡದ ಬಯಲು ಎಷ್ಟೇ ಆಸೆ ಹುಟ್ಟಿಸಿದರೂ ಸೌರ ಫಲಕಗಳ ಹತ್ತಿರ ಹೋಗಬೇಡಿ. ಎಲ್ಲೇ ಹಾರಿಸಿದರೂ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿರಿ.

ವಸ್ತುಪ್ರದರ್ಶನ ನಡೆಸುವವರಲ್ಲಿ ಒಂದು ಕೋರಿಕೆ. ರಾಕೆಟ್ ಮಾದರಿಗೆ ಅಂಕ ಕೊಡುವಾಗ ಎತ್ತರದ ಜೊತೆಗೆ ತೂಕವನ್ನೂ ಕೇಳಿ. ಮೇಜಿನ ಮೇಲೆ ಒಂದು ಕಿಚನ್ ತಕ್ಕಡಿ, ಗೋಡೆಗೆ ಮೂರು ಮೀಟರ್ ದಾರ ಇಟ್ಟರೆ ಸಾಕು. ಗುರುತ್ವ ಕೇಂದ್ರ ಎಲ್ಲಿದೆ ಎಂದು ಮಕ್ಕಳೇ ತೋರಿಸಲಿ. ಮಳೆ ಬಿಟ್ಟ ಮೇಲೆ, ನವೆಂಬರಿನ ಒಂದು ಬೆಳಗ್ಗೆ ಗಾಳಿ ಏಳುವ ಮುಂಚೆ, ಶಾಲಾ ಮೈದಾನದಲ್ಲಿ ನೀರಿನ ರಾಕೆಟ್ಟುಗಳ ಹಾರಾಟಕ್ಕೆ ತಾಲ್ಲೂಕಿಗೊಂದು ದಿನ ಗೊತ್ತು ಮಾಡಿದರೆ ಬೇಕಾಗುವುದು ಎರಡು ಸೈಕಲ್ ಪಂಪು, ಒಂದು ಸುಣ್ಣದ ಗೆರೆ ಮತ್ತು ಗೆರೆ ದಾಟದಂತೆ ನೋಡಿಕೊಳ್ಳಲು ಒಬ್ಬ ಪಿ.ಟಿ. ಮೇಷ್ಟ್ರು.

ಇಂತಿ,
ಮಾದರಿ ರಾಕೆಟ್ ಕಟ್ಟುವ ಕೆಲವು ಹವ್ಯಾಸಿಗಳು,
ತುಮಕೂರು